ಉದ್ದವ್ವನ ಫ್ರಿಜ್ಜಿಗೆ ಎರಡು ಹೊತ್ತಿನ ಆರಾಮ

ಗೋಕಾಕದ ಶಮಶೇರನಿಗೆ ಯಾರಾದರೂ ಫೋನ್ ಮಾಡಿ, "ನಮ್ಮ ಫ್ರಿಜ್ ಕೆಟ್ಟೈತ್ರಿ" ಎಂದರೆ ಸಿಟ್ಟು ಬರುತ್ತದೆ.

"ಕೆಟ್ಟೈತಿ ಅನಬ್ಯಾಡ್ರಿ. ಏನಾಗಾಕತ್ತೈತಿ ಅದನ್ನ ಹೇಳ್ರಿ. ಕೆಟ್ಟೈತೋ ಇಲ್ಲೋ ನಾ ಹೇಳ್ತೇನಿ," ಎನ್ನುತ್ತಾನೆ. ಆ ಕಡೆಯವರು ಏನಾಗುತ್ತಿದೆ ಎಂದು ಹೇಳಲು ಬಾಯಿ ತೆರೆದ ಕೂಡಲೇ, "ಆತು ಆತು, ಬಂದು ನೋಡ್ತೇನಿ" ಎಂದು ಫೋನ್ ಇಟ್ಟುಬಿಡುತ್ತಾನೆ. ರೋಗಿಯ ಮನೆಯವರ ಮಾತು ಕೇಳುತ್ತ ಕೂತರೆ ರೋಗ ತಿಳಿಯುವುದಿಲ್ಲ ಎಂಬುದು ಅವನ ಸಿದ್ಧಾಂತ.

ಅವನು ರಿಪೇರಿಯವನು ಎಂದು ನಮ್ಮಲ್ಲಿ ಯಾರೂ ಅನ್ನುವುದಿಲ್ಲ. ಅನ್ನಲು ಅವನು ಬಿಟ್ಟಿಲ್ಲ. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ, ಅದರ ಮೇಲೆ ನೀಲಿ ಬಣ್ಣದ ದೊಡ್ಡ ಬೋರ್ಡು: 'ಶಮಶೇರ ಫ್ರಿಜ್ ದವಾಖಾನೆ'. ಹಳೆಯ ಕಾಲದ ಡಾಕ್ಟರರು ಹಿಡಿದು ಬರುತ್ತಿದ್ದಂಥ ಬಾಯಿ ಅಗಲದ ಕರಿ ಚರ್ಮದ ಚೀಲದಲ್ಲಿ ಅವನ ಪಾನಾ, ಪಕ್ಕಡ, ಮೀಟರು ಇರುತ್ತವೆ. ಮನೆಯೊಳಗೆ ಬಂದವನು ತಕ್ಷಣ ಫ್ರಿಜ್ಜಿಗೆ ಕೈ ಹಚ್ಚುವುದಿಲ್ಲ. ಕುರ್ಚಿ ಕೇಳುತ್ತಾನೆ, ನೀರು ಕೇಳುತ್ತಾನೆ. ಆಮೇಲೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಹಿಂದಿನ ಕಂಪ್ರೆಸರಿನ ಮೇಲಿಟ್ಟು, ಹಿಡಿಯನ್ನು ಕಿವಿಗೆ ಒತ್ತಿ ಕಣ್ಣು ಮುಚ್ಚುತ್ತಾನೆ. ಮನೆಮಂದಿಯೆಲ್ಲ ಉಸಿರು ಹಿಡಿದು ನಿಲ್ಲುತ್ತಾರೆ. ಟೀವಿ ಹಚ್ಚಿದ್ದರೆ ಯಾರೋ ಓಡಿ ಹೋಗಿ ಆರಿಸುತ್ತಾರೆ. ಕಡೆಗೆ ಅವನು "ಹ್ಞೂಂ" ಎನ್ನುತ್ತಾನೆ. ಆ ಹ್ಞೂಂಗಳಲ್ಲಿ ಬಗೆ ಬಗೆ ಇವೆ. ಬರೇ ವಯರು ಕಡಿದಿದ್ದರೆ ಚಿಕ್ಕ ಹ್ಞೂಂ. ಗ್ಯಾಸು ಸೋರಿದ್ದರೆ ಎಳೆದ ಹ್ಞೂಂ. ಕಂಪ್ರೆಸರೇ ಹೋಗಿದ್ದರೆ ಹ್ಞೂಂ ಎಂದು ಆ ಮನೆಯ ಯಜಮಾನನ ಹೆಗಲ ಮೇಲೆ ಕೈ ಇಡುತ್ತಾನೆ.

ಕೆಲಸ ಮುಗಿದ ಮೇಲೆ ಬಾಗಿಲ ಬದಿಗೆ ಅಂಗೈಯಗಲದ ಹಳದಿ ಸ್ಟಿಕರ್ ಅಂಟಿಸುತ್ತಿದ್ದ. ಮೇಲೆ ಅವನ ಹೆಸರು, ನಡುವೆ ಫೋನ್ ನಂಬರು, ಕೆಳಗೆ ಕೆಂಪು ಅಕ್ಷರದಲ್ಲಿ ಅವನ ಉಪದೇಶ: 'ಯಂತ್ರಕ್ಕೂ ದಣಿವು ಉಂಟು. ದಿನಾಲು ಎರಡು ಹೊತ್ತು ತಾಸು ತಾಸು ಆರಾಮ ಕೊಡಿರಿ.' ಬೋರ್ಡಿನ ಮೇಲೂ ಇದೇ ಸಾಲು ಕೆಂಪಿನಲ್ಲೇ ಇತ್ತು. ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರೂ ಕಡೆ, ಚುನಾವಣೆಗೆ ನಿಂತವರ ಕರಪತ್ರ ಮುಟ್ಟದ ಅಡುಗೆಮನೆಗಳನ್ನೂ ಈ ಸ್ಟಿಕರ್ ಮುಟ್ಟಿದೆ.

ಉಪದೇಶ ಸುಳ್ಳೇನಾಗಿರಲಿಲ್ಲ, ಅದು ಹುಟ್ಟಿದ ಕಾಲಕ್ಕೆ. ಆಗ ಎಲ್ಲರ ಮನೆಯಲ್ಲೂ ಒಂದೇ ಬಾಗಿಲಿನ ಫ್ರಿಜ್. ಒಳಗಿನ ಡಬ್ಬಿ ಬರಫ, ಅಂದರೆ ಮಂಜುಗಡ್ಡೆ, ಕಟ್ಟಿ ದಿನ ಕಳೆದಂತೆ ಗವಿಯ ಹಾಗೆ ಮುಚ್ಚಿಕೊಳ್ಳುತ್ತಿತ್ತು. ಪ್ಲಗ್ ತೆಗೆದಿಟ್ಟರೆ ಬರಫ ಕರಗಿ ಕೆಳಗಿನ ತಟ್ಟೆಗೆ ಇಳಿಯುತ್ತಿತ್ತು. ಕರೆಂಟಿನ ಬಿಲ್ಲೂ ಉಳಿಯುತ್ತದೆ ಎಂದು ನಮ್ಮ ಮಂದಿಗೆ ಆ ಉಪದೇಶ ಇನ್ನಷ್ಟು ರುಚಿಸಿತು. ಊಟದ ಮೇಲಿನ ಗುಳಿಗೆಯನ್ನು ಮರೆಯುವ ಗಂಡಸರೂ ಫ್ರಿಜ್ಜಿನ ಆರಾಮ ಮರೆಯುತ್ತಿರಲಿಲ್ಲ.

ಆಮೇಲೆ ಎರಡು ಬಾಗಿಲಿನವು ಬಂದವು. ಇವು ಬರಫ ಕಟ್ಟುವುದಿಲ್ಲ ಎಂದು ಅಂಗಡಿಯವರು ಹೇಳಿ ಮಾರುತ್ತಾರೆ. ಖರೆ ಅಂದರೆ ಇವೂ ಕಟ್ಟುತ್ತವೆ. ಹಳೆಯದು ತನ್ನ ಬರಫನ್ನು ಎಲ್ಲರಿಗೂ ತೋರಿಸುತ್ತಿತ್ತು, ಹೊಸದು ಮರ್ಯಾದಸ್ಥರ ಮನೆಯ ಜಗಳದ ಹಾಗೆ ಗೋಡೆಯ ಹಿಂದೆ ಇಟ್ಟುಕೊಳ್ಳುತ್ತದೆ. ಫ್ರೀಜರಿನ ಹಿಂಗೋಡೆಯ ಒಳಗೆ ತಣ್ಣನೆಯ ನಳಿಗೆಗಳಿವೆ, ಅವುಗಳ ಮೇಲೆ ಬರಫ ಕೂರುತ್ತದೆ. ಇಷ್ಟು ತಾಸು ದುಡಿದೆ ಎನ್ನಿಸಿದಾಗ ಯಂತ್ರ ತಾನೇ ನಿಂತು, ಒಳಗಿನ ಸಣ್ಣ ಹೀಟರ್ ಬಿಸಿ ಮಾಡಿಕೊಂಡು, ಆ ಬರಫ ಕರಗಿಸಿ, ನೀರನ್ನು ಹಿಂದಿನ ತಟ್ಟೆಗೆ ಇಳಿಸಿ ಮತ್ತೆ ಕೆಲಸಕ್ಕೆ ಏಳುತ್ತದೆ. ಈ ಕರಗಿಸುವ ಕೆಲಸ ತಪ್ಪಿತೋ, ನಳಿಗೆಗಳೆಲ್ಲ ಬರಫಿನಲ್ಲಿ ಹೂತು ತಂಗಾಳಿಯ ದಾರಿ ಮುಚ್ಚಿಹೋಗುತ್ತದೆ. ಆಗ ಮೇಲೆ ಕಲ್ಲು, ಕೆಳಗೆ ಬೇಸಿಗೆ. ಹಾಲು ಒಡೆಯುತ್ತದೆ, ಕೊತ್ತಂಬರಿ ಕೊಳೆಯುತ್ತದೆ.

ಶಮಶೇರ ಇವನ್ನೂ ಬಿಚ್ಚಿ ನೋಡಿ ಕಲಿತ. ಹೀಟರ್, ಫ್ಯೂಜು, ಸೆನ್ಸರು ಎಲ್ಲವನ್ನೂ ಬದಲಿಸಬಲ್ಲವನಾದ. ಆದರೆ ಉಪದೇಶ ಮಾತ್ರ ಹಾಗೇ ಉಳಿಯಿತು. ಯಾರಾದರೂ "ಡಬಲ್ ಡೋರಿಗೂ ಬೇಕೇನ್ರಿ ಈ ಆರಾಮ?" ಎಂದು ಕೇಳಿದರೆ ತನ್ನ ಮನೆಯನ್ನೇ ತೋರಿಸುತ್ತಿದ್ದ.

"ನಮ್ಮನ್ಯಾಗಿನ ಡಬಲ್ ಡೋರ್ ನೋಡ್ರಿ. ತಂದಾಗಿಂದ ಒಂದ ಸ್ಕ್ರೂ ಬಿಚ್ಚಿಲ್ಲ. ಬರಫ ಅಂದ್ರ ಏನಂತ ಅದಕ್ಕ ಗೊತ್ತಿಲ್ಲ. ಯಾಕಂತೀರಿ? ನಮ್ಮ ರಹಿಮಾಬಿ ಎರಡೂ ಹೊತ್ತು ತಪ್ಪದಽ ಆರಾಮ ಕೊಡ್ತಾಳ."

ರಹಿಮಾಬಿ ಅವನ ಹೆಂಡತಿ. ಅಂಗಡಿಗೂ ಮನೆಗೂ ನಡುವೆ ಒಂದು ಪರದೆ ಇದೆ, ಆಕೆ ಅದರ ಆಚೆಯಿಂದ ಎಲ್ಲವನ್ನೂ ಕೇಳಿಸಿಕೊಳ್ಳುತ್ತಾಳೆ. ಈ ಮಾತಿಗೆ ಮಾತ್ರ ಎಂದೂ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ.

ಇಂಥ ಶಮಶೇರನನ್ನು ನಾಗನೂರಿನ ಉದ್ದವ್ವನ ಫ್ರಿಜ್ ನೆಲಕ್ಕೆ ಕೂರಿಸಿತು.

ಉದ್ದವ್ವ ಇಡೀ ವಯಸ್ಸೆಲ್ಲ ಕಂಡವರ ಹೊಲದಲ್ಲಿ ದುಡಿದವಳು. ಕಬ್ಬು ಕಡಿದಿದ್ದಾಳೆ, ಅರಿಶಿಣ ಕಿತ್ತಿದ್ದಾಳೆ. ಮಗಳು ಆಮ್ರಪಾಲಿ ನರ್ಸ್ ಆಗಿ ಹುಕ್ಕೇರಿಯಲ್ಲಿ ಕೆಲಸಕ್ಕಿದ್ದಾಳೆ, ರಜೆ ಸಿಕ್ಕಾಗ ಬರುತ್ತಾಳೆ. ಮೊದಲು ಆ ಮನೆಯಲ್ಲಿ ಒಂದು ಬಾಗಿಲಿನ ಹಳೆಯ ಫ್ರಿಜ್ ಇತ್ತು. ಶಮಶೇರನೇ ದುರಸ್ತಿ ಮಾಡಿ ಮಾರಿದ್ದು. ಈ ಸಲ ಚಳಿಗಾಲ ಮುಗಿಯುವ ಮುಂದೆ ಆಮ್ರಪಾಲಿ ಎರಡು ಬಾಗಿಲಿನದನ್ನು ತಂದಳು. ಹಳೆಯದು ಅಂಕಲಗಿಯ ಬೀಗರ ಮನೆ ಸೇರಿತು. ಅಡುಗೆಮನೆಯಲ್ಲಿ ಜಾಗ ಸಾಲದೆ ಹೊಸದು ಪಡಸಾಲೆಯಲ್ಲೇ ನಿಂತಿತು. ಬಂದವರಿಗೆ ಮೊದಲು ಕಾಣುವುದು ಅದೇ, ಆಮೇಲೆ ಉದ್ದವ್ವ.

ಬೇಸಿಗೆ ಶುರುವಾಗುವ ಹೊತ್ತಿಗೆ ಅದು ಬರಫ ಕಟ್ಟಿತು. ಶಮಶೇರ ಹೋದ, ಬಿಸಿನೀರು ಹಾಕಿ ಕರಗಿಸಿದ, ಹೀಟರ್ ಬದಲಿಸಿದ, ಚಹಾ ಕುಡಿದ, ಸ್ಟಿಕರ್ ಅಂಟಿಸಿ ಬಂದ. ಕೆಲವು ದಿನಕ್ಕೆ ಆಮ್ರಪಾಲಿಯ ಫೋನು: "ಕಾಕಾ, ಮತ್ತ ಬರಫ ಕಟ್ಟೇತ್ರಿ." ಹೋದ, ಫ್ಯೂಜು ಬದಲಿಸಿದ. ಮತ್ತೆ ಫೋನು. ಹೋದ, ಸೆನ್ಸರು ಬದಲಿಸಿದ. ಮೂರನೆಯ ಸಲ ಅಲ್ಲಿಂದ ಬಂದವನು ಅಂಗಡಿಯಲ್ಲಿ ಕೂತು ತನ್ನ ಬಲಗೈಯನ್ನು ಮಗುಚಿ ಮಗುಚಿ ನೋಡುತ್ತಿದ್ದ. ನಾನು ಮಿಕ್ಸರಿನ ಜಾರು ತೋರಿಸಲು ಹೋಗಿದ್ದೆ.

"ಕೈ ಹೋತೋ ದೋಸ್ತಾ," ಎಂದ.

"ಏನಾತು? ಉಳಕೇತೇನು?"

"ಉಳಕಿದ್ರ ಎಣ್ಣಿ ಹಚ್ಚತಿದ್ದೆ. ಕೈಯಾಗಿನ ಗುಣಾ ಹೋತು. ಮೊದಲ ಮುಟ್ಟಿದ ಕೂಡಲೇ ತಿಳೀತಿತ್ತು. ಈಗ ಮುಟ್ಟತೇನಿ, ಅದು ಏನೂ ಹೇಳಂಗಿಲ್ಲ. ಹೀಟರ್ ಅಂತ ಅಂದೆ, ಅಲ್ಲ. ಫ್ಯೂಜ್ ಅಂದೆ, ಅಲ್ಲ. ಒಂದ ಫ್ರಿಜ್ಜಿಗೆ ಮೂರು ಸುಳ್ಳು ಹೇಳೇನಿ ನಾನು."

ದಣಿದಿದ್ದ. ಆ ಬೇಸಿಗೆ ಎಲ್ಲರನ್ನೂ ದಣಿಸಿತ್ತು, ಆದರೆ ಇದು ಬಿಸಿಲಿನ ದಣಿವಲ್ಲ. ಮೊಣಕಾಲು ನೋವು, ಬೈಕಿನ ಮೇಲೆ ಕೂತರೆ ಸೊಂಟ ನೋವು, ಹುಕ್ಕೇರಿ ದಾರಿಯ ಧೂಳು, ಮೂಡಲಗಿ ದಾರಿಯ ತಗ್ಗು, ಇವೆಲ್ಲ ಮೊದಲೂ ಇದ್ದವು. ಆದರೆ ಹೋದ ಮನೆಯಲ್ಲಿ ಆ 'ಹ್ಞೂಂ' ಎನ್ನುವ ಗಳಿಗೆ ಒಂದಿತ್ತಲ್ಲ, ಅದಕ್ಕಾಗಿ ಅವನು ಇವನ್ನೆಲ್ಲ ತಾಳಿಕೊಂಡಿದ್ದ. ಈಗ ಅದೂ ಇಲ್ಲ.

"ಇನ್ನೊಂದ ಸಲ ಹೋಗ್ತೇನಿ," ಎಂದ. "ಮತ್ತ ಬರಫ ಕಟ್ತಂದ್ರ ಮುಗೀತು. ಬೋರ್ಡ್ ಇಳಸಿಬಿಡ್ತೇನಿ. ಗುಣಾ ಇಲ್ಲದ ಕೈ ತಗೊಂಡು ಮಂದಿ ಮನಿ ಬಾಗಲಾ ಬಡಿಯೂದು ಚಲೋ ಅಲ್ಲ."

ಪರದೆಯ ಆಚೆಯಿಂದ ರಹಿಮಾಬಿ ಕೇಳಿದಳು: "ಇಳಸಿ ಎಲ್ಲಿ ಇಡಾವ್ರು? ಒಳಗ ಜಾಗಾ ಇಲ್ಲ ನೋಡ್ರಿ, ಮೊದಲಽ ಹೇಳ್ತೇನಿ."

ಅವನು ನಗಲಿಲ್ಲ. ಆಗ ನನಗೆ ಇದು ಖರೆ ಇದೆ ಅನ್ನಿಸಿತು.

ನಾಲ್ಕನೆಯ ಸಲದ ಫೋನಿನಲ್ಲಿ ಆಮ್ರಪಾಲಿ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು ಎಂದು ಶಮಶೇರ ಆಮೇಲೆ ಹೇಳಿದ. ಆಕೆ ಬಹಳ ಮೆತ್ತಗೆ, ನರ್ಸುಗಳು ಉಳಿಯುವ ಭರವಸೆ ಇಲ್ಲದ ರೋಗಿಯ ಮನೆಯವರ ಜೊತೆ ಮಾತನಾಡುವ ಹಾಗೆ, "ಕಾಕಾ, ಬೆಳಗಾವಿಯಿಂದ ಕಂಪನಿಯವ್ರನ್ನ ಕರಸ್ಲೇನ್ರಿ? ನಿಮಗ ಸುಮ್ನ ತ್ರಾಸ ಆಗಾಕತ್ತೈತಿ," ಎಂದಳು.

"ನಾಳೆ ನಾ ಬರ್ತೇನವ್ವಾ. ಅದರ ಮ್ಯಾಲ ನಿನ್ನ ಮರ್ಜಿ," ಎಂದ ಇವನು.

ಮರುದಿನ ಬೆಳಿಗ್ಗೆ ಮೊದಲು ಹತ್ತರಗಿಗೆ ಹೋಗಬೇಕಾಯಿತು. ಹೆದ್ದಾರಿ ಪಕ್ಕದ ಖಾನಾವಳಿಯವರ ಫ್ರಿಜ್ಜಿನಲ್ಲಿ ಮೊಸರಿನ ಡಬ್ಬಿಗಳು ಬಿಸಿಯಾಗುತ್ತಿದ್ದವು. ಅಲ್ಲಿ ಬಾಗಿಲಿನ ರಬ್ಬರು ಹರಿದಿತ್ತು, ಕೂಸಿಗೂ ಕಾಣುವಂಥದ್ದು. ಸರಿ ಮಾಡಿದ. ಅವರು "ವಾ ಡಾಕ್ಟರ್" ಎಂದರು. ಅದೂ ಅವನಿಗೆ ಹಿತವಾಗಲಿಲ್ಲ. ಅಲ್ಲಿಂದ ಗೋಕಾಕ ದಾಟಿ ಎದುರು ದಿಕ್ಕಿಗೆ ನಾಗನೂರಿಗೆ ಬರುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು, ಹೆಲ್ಮೆಟ್ಟಿನೊಳಗೆ ತಲೆ ಬೇಯುತ್ತಿತ್ತು.

ಉದ್ದವ್ವ ಕಟ್ಟೆಯ ಮೇಲೆ ಕೂತು ಮೆಂತೆಪಲ್ಲೆ ಸೋಸುತ್ತಿದ್ದಳು.

"ಬಾರೋ ತಮ್ಮಾ. ನೀ ಈಗ ನಮ್ಮ ಮನಿಯವನಽ ಆದಿ ನೋಡು. ನಮ್ಮ ಬೀಗರೂ ಇಷ್ಟ ಸಲ ಬಂದಿಲ್ಲ."

"ಕುರ್ಚಿ ಬ್ಯಾಡಕ್ಕಾ, ಬರೇ ನೀರು ಕೊಡ್ರಿ," ಎಂದ ಶಮಶೇರ. ಕುರ್ಚಿ ಬೇಡ ಎಂದದ್ದು ಅದೇ ಮೊದಲು.

ಸ್ಕ್ರೂಡ್ರೈವರನ್ನು ಕಿವಿಗೆ ಹಿಡಿಯಲೂ ಇಲ್ಲ. ಸೀದಾ ಫ್ರೀಜರಿನ ಹಿಂಗೋಡೆಯನ್ನು ಬಿಚ್ಚಿದ. ನಳಿಗೆಗಳು ಕಾಣಲೇ ಇಲ್ಲ, ಬಿಳಿಯ ಗಟ್ಟಿ ಗಡ್ಡೆ. ಹಿಂದೆ ಕರಗಿದ ನೀರು ಬೀಳುವ ತಟ್ಟೆ ಎಳೆದು ನೋಡಿದ. ಒಣಗಿತ್ತು. ಮೂಲೆಯಲ್ಲಿ ಜೇಡ ಬಲೆ ಕಟ್ಟಿಕೊಂಡು ನಿಶ್ಚಿಂತೆಯಿಂದ ಕೂತಿತ್ತು. ಅಂದರೆ ಈ ಯಂತ್ರ ಒಂದು ದಿನವೂ ತಾನಾಗಿ ಕರಗಿಸಿಲ್ಲ.

ಉದ್ದವ್ವ ಬಿಸಿನೀರು ಕಾಸಿ ಕಾಸಿ ತಂದುಕೊಟ್ಟಳು. ಗಡ್ಡೆ ಕರಗಿತು. ಮೀಟರು ಹಚ್ಚಿ ಒಂದೊಂದನ್ನೇ ನೋಡಿದ. ಹೀಟರ್ ಸರಿ. ಫ್ಯೂಜು ಸರಿ. ಸೆನ್ಸರು ಸರಿ. ಯಂತ್ರದೊಳಗಿನ ಸರ್ಕ್ಯೂಟ್ ಬೋರ್ಡಿನ ಮೇಲೆ ಸುಟ್ಟ ಕಲೆ ಇಲ್ಲ. ಎಲ್ಲವೂ ಸರಿ. ಈ ಕೆಲಸಕ್ಕೆ ಇಳಿದ ಇಪ್ಪತ್ತೆಂಟು ವರ್ಷದಲ್ಲಿ ಇಷ್ಟು ಆರೋಗ್ಯವಂತ ರೋಗಿಯನ್ನು ಅವನು ನೋಡಿರಲಿಲ್ಲ. ಏನಾದರೂ ಕೆಟ್ಟಿದ್ದರೆ ಸಾಕಿತ್ತು, ಬದಲಿಸಬಹುದಿತ್ತು. ಬದಲಿಸಲು ಏನೂ ಇಲ್ಲದ ಕೈಯಿಂದ ಹಿಂಗೋಡೆಯನ್ನು ತಿರುಗಿ ಕೂರಿಸಿ ಸ್ಕ್ರೂ ಬಿಗಿದ. ಪ್ಲಗ್ ಹಾಕಿದ. ಯಂತ್ರ ಗುಂಯ್ ಎಂದು ಶುರುವಾಯಿತು.

ಅವನು ಏಳಲು ನೋಡಿದ. ಮೊಣಕಾಲು ಏಳಲಿಲ್ಲ. ಅಲ್ಲೇ ಗೋಡೆಗೆ ಒರಗಿದ.

ಉದ್ದವ್ವ ಅವನ ಮುಖ ನೋಡಿ, "ಉಂಡ ಹೋಗು. ಇಂಥಾ ಬಿಸಲಾಗ ಎಲ್ಲಿ ಹೊಂಟಿ?" ಎಂದಳು.

"ಬ್ಯಾಡಕ್ಕಾ, ಇನ್ನೂ ಮೂಡಲಗ್ಯಾಗ ಒಂದ ಮನಿ ಐತಿ."

"ಮೂಡಲಗಿ ಎಲ್ಲೂ ಓಡಿ ಹೋಗಂಗಿಲ್ಲ. ಕೈ ತೊಳಿ."

ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಲೆ, ಹಸಿ ಉಳ್ಳಾಗಡ್ಡಿ, ಶೇಂಗಾ ಹಿಂಡಿ. ಮೊಸರು ಕೇಳಬೇಡ, ಅದು ನಿನ್ನ ರೋಗಿಯ ಹೊಟ್ಟೆಯಲ್ಲಿ ಹುಳಿಯಾಗಿದೆ ಎಂದಳು ಉದ್ದವ್ವ. ಉಂಡ ಮೇಲೆ ಆಕೆ ಪಡಸಾಲೆಯಲ್ಲಿ ಒಂದು ಚಾಪೆ ಹಾಸಿದಳು. ಗಿರಾಕಿಗಳ ಮನೆಯಲ್ಲಿ ಶಮಶೇರ ಎಂದೂ ಮಲಗಿದವನಲ್ಲ. ಕೆಲಸ ಮುಗಿದ ಮೇಲೆ ಚಹಾಕ್ಕಿಂತ ಹೆಚ್ಚು ಹೊತ್ತು ಎಲ್ಲೂ ಕೂತವನೂ ಅಲ್ಲ, ಡಾಕ್ಟರರು ಹೆಚ್ಚು ಕೂತರೆ ಬೆಲೆ ಹೋಗುತ್ತದೆ ಎಂದು. ಆದರೆ ಬೆಲೆಯೇ ಹೋದ ಮೇಲೆ ಇನ್ನೇನು ಎಂದುಕೊಂಡು ಚಾಪೆಯ ಮೇಲೆ ಅಡ್ಡಾದ. ಮೇಲೆ ಫ್ಯಾನಿನ ಕಿರ್ ಕಿರ್, ಎದುರಿಗೆ ಫ್ರಿಜ್ಜಿನ ಗುಂಯ್. ಬೋರ್ಡನ್ನು ಇಳಿಸಲು ಪಕ್ಕದ ಮನೆಯಿಂದ ನಿಚ್ಚಣಿಕೆ ಕೇಳಬೇಕಾಗುತ್ತದೆ, ಕೇಳಿದರೆ ಯಾಕೆ ಎಂದು ಹೇಳಬೇಕಾಗುತ್ತದೆ, ಎಂದು ಯೋಚಿಸುತ್ತಲೇ ನಿದ್ದೆ ಹತ್ತಿತು.

ಸದ್ದಿಗೆ ಏಳುವವರು ಎಲ್ಲರೂ. ಶಮಶೇರನಿಗೆ ಎಚ್ಚರವಾದದ್ದು ಸದ್ದು ನಿಂತದ್ದಕ್ಕೆ.

ಕಣ್ಣು ಬಿಟ್ಟ. ಗುಂಯ್ ಇಲ್ಲ. ಯಂತ್ರ ಸತ್ತೇಹೋಯಿತು, ನನ್ನ ಕಣ್ಣೆದುರೇ, ಎಂದುಕೊಂಡ. ಆಮೇಲೆ ಕರೆಂಟು ಹೋಗಿರಬೇಕು ಎಂದು ಸಮಾಧಾನ ಮಾಡಿಕೊಂಡು ಮೇಲೆ ನೋಡಿದರೆ ಫ್ಯಾನು ಕಿರ್ ಕಿರ್ ಎಂದು ತಿರುಗುತ್ತಲೇ ಇದೆ. ಎದ್ದು ಕೂತ. ಆಗ ಕಂಡಿತು. ಫ್ರಿಜ್ಜಿನ ತಲೆಯ ಮೇಲೆ ಮಡಚಿ ಹಾಸಿದ ಒಂದು ಬಟ್ಟೆ, ಬಟ್ಟೆಯ ಮೇಲೆ ಸುತ್ತಿ ಮಲಗಿಸಿದ ವಯರು, ವಯರಿನ ತುದಿಗೆ ಪ್ಲಗ್ಗು.

ಉದ್ದವ್ವ ಆಚೆ ಗೋಡೆಯ ಹತ್ತಿರ ಸೆರಗು ಮುಖಕ್ಕೆ ಎಳೆದುಕೊಂಡು ಮಲಗಿದ್ದಳು.

"ಅಕ್ಕಾ! ಉದ್ದವ್ವಕ್ಕಾ! ಪ್ಲಗ್ ಯಾರ ತಗದ್ರು?"

ಆಕೆ ಸೆರಗು ತೆಗೆಯದೆಯೇ ಹೇಳಿದಳು: "ನಾನಽ. ಹೊತ್ತಾತಲ್ಲ."

"ಯಾವ ಹೊತ್ತು?"

"ಅದರ ಆರಾಮದ ಹೊತ್ತು. ಮಧ್ಯಾಹ್ನ ನಾ ಅಡ್ಡಾಗೂ ಮುಂದ ಒಮ್ಮೆ, ಸಂಜೀಕ ದೀಪಾ ಹಚ್ಚೂ ಮುಂದ ಒಮ್ಮೆ. ಸುಮ್ನ ಮಲಕೋ, ಇನ್ನೊಂದ ತಾಸಿಗೆ ಹಾಕತೇನಿ."

"ಯಾರ ಹೇಳಿದ್ರು ನಿಮಗ?"

ಈಗ ಉದ್ದವ್ವ ಸೆರಗು ತೆಗೆದು ಎದ್ದು ಕೂತಳು. ಇವನಿಗೆ ಬಿಸಿಲು ಹೊಡೆದಿದೆಯೇ ಎಂಬಂತೆ ನೋಡಿದಳು.

"ಅಯ್ಯ! ನೀನಽ ಹೇಳೀಯಲ್ಲೋ. ಹಳೇ ಫ್ರಿಜ್ ತಂದ ಇಳಿಸಿದಾಗ ಬೊಟ್ಟ ಮಾಡಿ ಮಾಡಿ ಹೇಳಿದ್ದಿ. ದನಕ್ಕ ಹ್ಯಾಂಗೋ ಹಂಗ ಇದಕ್ಕೂ, ಬಿಡಬೇಕು ಅಂತ. ಅವತ್ತಿಂದ ಒಂದ ಹೊತ್ತು ತಪ್ಪಿಸಿಲ್ಲ ನಾನು. ನಮ್ಮ ಅಣ್ಣಾ ತೀರಿದಾಗೂ ಬಾಜೂ ಮನಿಯಾಕಿಗೆ ಹೇಳಿ ಹೋಗಿದ್ದೆ."

"ಅದು ಹಳೇದಕ್ಕ, ಅಕ್ಕಾ. ಇದು ಹೊಸಾದು."

"ಹೊಸಾದಾದ್ರ ದಣಿಯಂಗಿಲ್ಲೇನು? ಹೊಸಾ ಸೊಸೀ ಬಂದಾಗ ಅತ್ತಿಯವ್ರು ಇದಽ ಮಾತ ಅಂತಾರ." ಆಮೇಲೆ ಬಾಗಿಲ ಬದಿಗೆ ಬೊಟ್ಟು ಮಾಡಿ, "ಮತ್ತ ನೀನಽ ಇದಕ್ಕೂ ಚೀಟಿ ಹಚ್ಚಿ ಹೋಗೀದಿ. ಆಮ್ರಪಾಲಿ ಓದಿ ಹೇಳಿದ್ಲು. ಕೆಂಪ ಅಕ್ಷರದಾಗ ಬರದೈತಿ," ಎಂದಳು.

ಶಮಶೇರ ಸ್ಟಿಕರ್ ನೋಡಿದ. ಕೆಂಪು ಅಕ್ಷರದಲ್ಲೇ ಬರೆದಿತ್ತು.

ಅವನು ಹಳೆಯ ಯಂತ್ರಗಳ ಜೊತೆ ಬೆಳೆದವನು. ಎರಡು ಬಾಗಿಲಿನವು ಮೊದಮೊದಲು ಬಂದಾಗ ಅವುಗಳಲ್ಲಿ ಟಿಕ್ ಟಿಕ್ ಎನ್ನುವ ಹಲ್ಲಿನ ಚಕ್ರವಿತ್ತು. ಪ್ಲಗ್ ತೆಗೆದರೆ ಚಕ್ರ ನಿಲ್ಲುತ್ತಿತ್ತು, ಹಾಕಿದರೆ ನಿಂತಲ್ಲಿಂದ ಮುಂದೆ ನಡೆಯುತ್ತಿತ್ತು. ಆರಾಮ ಕೊಟ್ಟರೂ ಕೇಡಿಲ್ಲ. ಈಗಿನ ಇಂಥ ಫ್ರಿಜ್ಜುಗಳಲ್ಲಿ ಚಕ್ರವಿಲ್ಲ, ಎಲೆಯಷ್ಟು ಒಂದು ಸರ್ಕ್ಯೂಟ್ ಬೋರ್ಡಿದೆ. ಅದು ಕಂಪ್ರೆಸರು ಓಡಿದ ತಾಸುಗಳನ್ನಷ್ಟೇ ಮನಸ್ಸಿನಲ್ಲಿ ಎಣಿಸುತ್ತದೆ. ಕರೆಂಟು ತಪ್ಪಿದರೆ ಎಣಿಸಿದ್ದನ್ನೆಲ್ಲ ಮರೆತು ಮೊದಲಿನಿಂದ ಶುರು ಮಾಡುತ್ತದೆ. ನಮ್ಮ ಕಡೆ ಕರೆಂಟು ಹೋಗುವುದು ಹೊಸದಲ್ಲ. ಆದರೆ ಅದು ಹೋಗುವುದಕ್ಕೆ ಹೊತ್ತು ಗೊತ್ತಿಲ್ಲ, ಆದ್ದರಿಂದ ಎಂದಾದರೊಮ್ಮೆ ಯಂತ್ರದ ಎಣಿಕೆ ಪೂರಾ ಆಗಿ ಕರಗಿಸುವ ಪಾಳಿ ಬರುತ್ತದೆ. ಉದ್ದವ್ವ ಮಾತ್ರ ಹೊತ್ತು ತಪ್ಪದವಳು. ಆಕೆಯ ಮನೆಯಲ್ಲಿ ಆ ಪಾಳಿ ಒಂದು ದಿನವೂ ಬಂದಿರಲಿಲ್ಲ.

ಇದನ್ನೆಲ್ಲ ಆಕೆಗೆ ಹೇಳಬೇಕಲ್ಲ. ಶಮಶೇರ ಗಡ್ಡ ಕೆರೆದುಕೊಂಡ.

"ಅಕ್ಕಾ, ಇದು ತಾನಽ ಆರಾಮ ತಗೋತೈತಿ. ಇಷ್ಟ ತಾಸು ದುಡದ ಮ್ಯಾಲ ತಾನಽ ಕುಂಡ್ರತೈತಿ, ಒಳಗ ಬೆಚ್ಚಗ ಮಾಡ್ಕೊಂಡು ಬರಫ ಕರಗಸತೈತಿ, ಮತ್ತ ಏಳತೈತಿ."

"ಯಾರೂ ಹೇಳದಽನ?"

"ಯಾರೂ ಹೇಳೂದು ಬ್ಯಾಡ. ಆದ್ರ ನಡುವ ಪ್ಲಗ್ ತಗದ್ರ ಅಲ್ಲೀತನಕ ದುಡದದ್ದು ಮರತಬಿಡತೈತಿ. ಮತ್ತ ಒಂದರಿಂದ ಎಣಸತೈತಿ. ಇನ್ನೇನ ಕುಂಡ್ರಬೇಕು ಅನ್ನೂದ್ರಾಗ ನೀವು ಮತ್ತ ಪ್ಲಗ್ ತಗೀತೀರಿ."

ಉದ್ದವ್ವ ಫ್ರಿಜ್ಜಿನ ಕಡೆ ತಿರುಗಿದಳು. ಕಬ್ಬಿನ ಹೊಲದಲ್ಲಿ ದುಡಿದವಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

"ಅಂದ್ರ ಇನ್ನೇನ ಊಟಕ್ಕ ಬಿಡೂ ಹೊತ್ತಿಗೆ ಮತ್ತೊಂದ ಹೊಲಕ್ಕ ಅಟ್ಟಿದಂಗ," ಎಂದಳು. "ಒಂದ ಸಲಾ ಅಲ್ಲ, ದಿನಾ ಎರಡ ಸಲಾ."

"ಹಂಗಽ."

"ಪಾಪ, ನಾ ಆರಾಮ ಕೊಟ್ಟು ಕೊಟ್ಟು ಅದನ್ನ ಕೊಲ್ಲಾಕತ್ತಿದ್ದೆ." ಆಮೇಲೆ ತನ್ನ ಕೈಗಳನ್ನು ನೋಡಿಕೊಂಡು, ಯಾರಿಗೋ ಅನ್ನುವಂತೆ ಹೇಳಿದಳು: "ನಮಗ ಯಾರೂ ಒಂದ ತಾಸು ಕುಂಡ್ರು ಅಂತ ಅಂದಿಲ್ಲ ತಮ್ಮಾ. ಬಸರಿದ್ದಾಗೂ ಅಂದಿಲ್ಲ. ಇದಕ್ಕರ ಇರಲಿ ಅಂತ ಮಾಡ್ತಿದ್ದೆ. ಇದನ್ನ ಮಲಗಿಸೂ ನೆವದಾಗ ನಾನೂ ಅಡ್ಡಾಗತಿದ್ದೆ. ಇಲ್ಲಾಂದ್ರ ನನಗ ಹಗಲಿ ಮಲಗಾಕ ಮನಸ್ಸ ಒಪ್ಪಂಗಿಲ್ಲ."

ಶಮಶೇರ ಎದ್ದು, ಬಟ್ಟೆಯ ಮೇಲಿನಿಂದ ವಯರು ಇಳಿಸಿ ಪ್ಲಗ್ ಹಾಕಿದ. ಗುಂಯ್ ಶುರುವಾಯಿತು.

"ಆಮ್ರಪಾಲಿಗೆ ಏನಂತ ಹೇಳ್ತೀರಿ?" ಎಂದು ಕೇಳಿದ.

"ಏನಂತ ಹೇಳೂದು? ಡಾಕ್ಟರ ಗುಣಾ ಮಾಡ್ಯಾನ ಅಂತೇನಿ."

"ಮತ್ತ ರೋಗ ಹಚ್ಚಿದವ್ರು?"

"ಅದನ್ನ ಅಕಿ ಕೇಳಿದ್ರ ನೋಡೂನು. ಮಂದಿ ಡಾಕ್ಟರಗ ಅದನ್ನ ಕೇಳಂಗಿಲ್ಲ."

"ಹ್ಞೂಂ," ಎಂದ ಶಮಶೇರ. ಈ ಹ್ಞೂಂ ಮೊದಲಿನ ಯಾವ ಬಗೆಗೂ ಸೇರುವಂಥದ್ದಲ್ಲ ಎಂದು ಅವನೇ ನನ್ನ ಮುಂದೆ ಒಪ್ಪಿಕೊಂಡ.

ಮುಂದಿನ ವಾರ ಯಾರೂ ಕರೆಯದೆ ತಾನೇ ನಾಗನೂರಿಗೆ ಹೋದ. ಫ್ರೀಜರಿಗೆ ಕೈ ಹಚ್ಚಲಿಲ್ಲ. ಸೀದಾ ಹಿಂದೆ ಬಗ್ಗಿ ತಟ್ಟೆ ಎಳೆದು ಬೆರಳು ಅದ್ದಿದ. ನೀರಿತ್ತು. ಜೇಡ ಬೇರೆ ಮನೆ ನೋಡಿಕೊಂಡಿತ್ತು. ಉದ್ದವ್ವ ಅವನಿಗೆ ಮೊಸರು ಹಾಕಿ ಉಣ್ಣಿಸಿದಳು.

ಅಂದು ಸಂಜೆ ಅಂಗಡಿಯಲ್ಲಿ ಇದನ್ನೆಲ್ಲ ನನಗೆ ಹೇಳಿ ಮುಗಿಸುವಷ್ಟರಲ್ಲಿ ಅವನ ಮುಖದಲ್ಲಿ ಎರಡು ಬಣ್ಣ ಬಂದು ಹೋದವು. ಕೈ ಹೋಗಿಲ್ಲ ಎಂಬುದು ಒಂದು. ಹಾಗಾದರೆ ಕೆಟ್ಟದ್ದು ಬಾಯಿ ಎಂಬುದು ಇನ್ನೊಂದು.

"ಹುಕ್ಕೇರ್ಯಾಗ ಹೋದ ವರ್ಷ ಎಷ್ಟ ಡಬಲ್ ಡೋರಿಗೆ ಹೀಟರ್ ಹಾಕೇನಿ," ಎಂದು ತನ್ನಷ್ಟಕ್ಕೆ ಅಂದುಕೊಂಡ. "ಅಂಕಲಗ್ಯಾಗ ಒಂದ ಮನಿ ಐತಿ, ಆ ಮನಿ ಅಜ್ಜ ಗಡಿಯಾರ ನೋಡಿ ಪ್ಲಗ್ ತಗೀತಿದ್ದ. ಶಿಸ್ತಂದ್ರ ಇದು ಅಂತ ಬೆನ್ನ ಚಪ್ಪರಿಸಿ ಬಂದಿದ್ದೆ." ಆಮೇಲೆ ಏನೋ ನೆನಪಾಗಿ ಕತ್ತೆತ್ತಿದ. "ಆದ್ರ ನಮ್ಮನೀದು? ನಮ್ಮನೀದು ಬರಫ ಕಟ್ಟಿಲ್ಲಲ್ಲ. ಎರಡೂ ಹೊತ್ತು ಆರಾಮ ಕೊಟ್ರೂ ಅದಕ್ಕ ಏನೂ ಆಗಿಲ್ಲಲ್ಲ?"

ಪರದೆಯ ಆಚೆ ಪಾತ್ರೆಯ ಸದ್ದು ನಿಂತಿತು.

"ಯಾರ ಕೊಟ್ರು?" ಎಂದಳು ರಹಿಮಾಬಿ.

"ನೀನು."

"ನನಗ ಬ್ಯಾರೆ ಕೆಲಸಿಲ್ಲೇನ್ರಿ? ತಂದ ದಿನ ಪ್ಲಗ್ ಹಾಕೇನಿ, ಇವತ್ತಿನ ತನಕ ತಗದಿಲ್ಲ."

"ಮತ್ತ ನಾ ಬಂದ್ ಬಂದವ್ರಿಗೆಲ್ಲಾ ಹೇಳೂ ಮುಂದ ಯಾಕ ಸುಮ್ನ ಇದ್ದಿ?"

"ಮಂದಿ ಮುಂದ ನಿಮ್ಮ ಮರ್ಯಾದಿ ಕಾಯ್ದೆ. ತಪ್ಪಾತೇನು?" ಪಾತ್ರೆಯ ಸದ್ದು ಮತ್ತೆ ಶುರುವಾಯಿತು. "ನೀವು ಹೇಳಿದ್ದೆಲ್ಲಾ ಮಾಡ್ಕೋತ ಕುಂತಿದ್ರ ಈ ಮನಿ ನಡೀತಿತ್ತೇನು?"

ಶಮಶೇರ ನನ್ನ ಕಡೆ ನೋಡಿದ. ನಾನು ಇನ್ನೂ ಅಲ್ಲೇ ಬಿದ್ದಿದ್ದ ನನ್ನ ಮಿಕ್ಸರಿನ ಜಾರಿನೊಳಗೆ ಏನೋ ಹುಡುಕುವವನಂತೆ ಬಗ್ಗಿದೆ.

ಬೋರ್ಡು ಕೆಳಗಿಳಿಯಿತು. ಅಂಗಡಿ ಮುಚ್ಚಲು ಅಲ್ಲ, ಕೆಂಪು ಸಾಲಿನ ಮೇಲೆ ನೀಲಿ ಬಣ್ಣ ಬಳಿಯಲು. ಒಣಗಲಿ ಎಂದು ಅದನ್ನು ಒಳಗೆ ಗೋಡೆಗೆ ಆನಿಸಿ ಇಟ್ಟರು. ಮಳೆಗಾಲದ ಮೊದಲ ಮೋಡ ಬಂದು ಬಣ್ಣ ಒಣಗಲಿಲ್ಲ. ಒಳಗೆ ಜಾಗ ಇಲ್ಲ ಎಂದು ನಾನು ಮೊದಲೇ ಹೇಳಿರಲಿಲ್ಲವೇ ಎಂದು ರಹಿಮಾಬಿ ಅದನ್ನು ದಾಟಿ ದಾಟಿ ಓಡಾಡಿದಳು.

ಈಗ ಶಮಶೇರ ಕರೆಯದಿದ್ದರೂ ಮನೆ ಮನೆಗೆ ಹೋಗುತ್ತಾನೆ. ಬೈಕು ಅದೇ, ಮೊಣಕಾಲು ಅದೇ, ತಗ್ಗು ಧೂಳು ಅವೇ. ಹಿಂದೆ ಹಚ್ಚಿ ಬಂದ ಸ್ಟಿಕರುಗಳ ಕೆಳಗಿನ ಸಾಲನ್ನು ಬ್ಲೇಡಿನಿಂದ ಕೆರೆಯುವುದೇ ಒಂದು ಕೆಲಸವಾಗಿದೆ. ಅಂಟು ಜೋರಾಗಿದೆ, ಅವನೇ ಆರಿಸಿ ತಂದದ್ದು. ಯಾಕೆ ಕೆರೆಯುತ್ತೀರಿ ಎಂದು ಮನೆಯವರು 'ಡಾಕ್ಟರ'ನನ್ನು ಕೇಳಿದರೆ ನಿಜ ಹೇಳಲು ಬಾಯಿ ಬರುವುದಿಲ್ಲ. "ನಿಯಮ ಬದಲಾಗೇತ್ರಿ. ಹೊಸಾ ಶೋಧ," ಎನ್ನುತ್ತಾನೆ, ಶೋಧಿಸಿದವರು ಯಾರು ಎಂಬುದನ್ನು ಅವರ ಊಹೆಗೆ ಬಿಟ್ಟು. ಅಂಕಲಗಿಯ ಅಜ್ಜ ಮಾತ್ರ ಒಪ್ಪಿಲ್ಲ. ಶಿಸ್ತು ಅಂದರೆ ಶಿಸ್ತು ಎಂದು ಈಗಲೂ ಗಡಿಯಾರ ನೋಡಿ ಪ್ಲಗ್ ತೆಗೆಯುತ್ತಾನೆ, ಬರಫ ಕಟ್ಟಿದಾಗ ಶಮಶೇರನಿಗೆ ಫೋನ್ ಮಾಡುತ್ತಾನೆ.

ನಾಗನೂರಿನಲ್ಲಿ ಬ್ಲೇಡು ತೆಗೆದಾಗ ಉದ್ದವ್ವ ಅಡ್ಡ ಬಂದಳಂತೆ.

"ಅದನ್ನ ಕೆರೀಬ್ಯಾಡ. ಫ್ರಿಜ್ಜಿಗೆ ಬ್ಯಾಡಾದ್ರ ನನಗರ ಇರಲಿ. ಯಾರಾರ ಬಂದು, ಹಗಲಿ ಯಾಕ ಮಲಗೀದಿ ಅಂದ್ರ ತೋರಸಾಕ ಬೇಕಾಗತೈತಿ."

ಬೋರ್ಡು ಮತ್ತೆ ಮೇಲೇರಿದೆ. ಎರಡು ಸಲ ಬಣ್ಣ ಬಳಿದರೂ ಬಿಸಿಲು ಓರೆಯಾಗಿ ಬಿದ್ದಾಗ ನೀಲಿಯ ಅಡಿಯಿಂದ ಕೆಂಪು ಅಕ್ಷರಗಳು ಎದ್ದು ಕಾಣುತ್ತವೆ. ನಿನ್ನೆ ಮಧ್ಯಾಹ್ನ ಹೋದಾಗ ಅದರ ಕೆಳಗಿನ ಬೆಂಚಿನ ಮೇಲೆ ಶಮಶೇರ ಕರಿ ಚೀಲವನ್ನು ತಲೆಗೆ ಇಟ್ಟುಕೊಂಡು ಮಲಗಿದ್ದ. ಪಕ್ಕದಲ್ಲಿ ಫೋನು ಹೊಡೆದುಕೊಳ್ಳುತ್ತಿತ್ತು. ಪರದೆಯ ಸಂದಿಯಿಂದ ರಹಿಮಾಬಿಯ ಕೈ ಬಂದು ಅದನ್ನು ಎತ್ತಿಕೊಂಡಿತು.

"ಅವ್ರು ಮಲಗ್ಯಾರ್ರಿ," ಎಂದಳು ಆಕೆ ಒಳಗಿನಿಂದ. "ಏನಾಗಾಕತ್ತೈತಿ ಅದನ್ನ ನನಗ ಹೇಳ್ರಿ. ಪೂರಾ ಹೇಳ್ರಿ. ನಾ ಕೇಳ್ತೇನಿ."